ಸಂಬಂಧಿಕರು ಮನೆ ಬಿಡಿ ಎಂದಾಗ: ಕೊಡಗಿನವರಿಗೆ ಕಾನೂನಿನ ಕೈಪಿಡಿ

ಅಣ್ಣನ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ವರ್ಷಗಟ್ಟಲೆ ಇದ್ದವರಿಗೆ ಒಂದು ದಿನ ‘ಇನ್ನು ನಿಮ್ಮ ದಾರಿ ನೋಡಿಕೊಳ್ಳಿ’ ಎಂಬ ಮಾತು ಬಂದರೆ, ಹಾಗೆ ಹೇಳಲು ಇವರು ಯಾರು ಎಂಬ ಸಿಟ್ಟು ಮೊದಲು ಬರುತ್ತದೆ. ಕಾನೂನು ಮಾತ್ರ ಪ್ರಶ್ನೆಯನ್ನು ನಿಮ್ಮ ಕಡೆಗೇ ತಿರುಗಿಸುತ್ತದೆ: ಆ ಮನೆಯಲ್ಲಿ ನೀವು ಇರುವುದು ಯಾವ ನೆಲೆಯಲ್ಲಿ? ಪಾಲುದಾರರಾಗಿಯೋ, ಬಾಡಿಗೆ ಕೊಟ್ಟೋ, ಸೊಸೆಯಾಗಿಯೋ, ಇಲ್ಲವೇ ಕೇವಲ ಅವರ ಒಪ್ಪಿಗೆಯ ಮೇಲೋ? ಇದನ್ನು ಇತ್ಯರ್ಥ ಮಾಡಿಕೊಳ್ಳದೆ ಜಗಳಕ್ಕಿಳಿಯುವುದು ವ್ಯರ್ಥ.

ಕೊಡಗಿನಲ್ಲಿ ಮೊದಲು ನೋಡಬೇಕಾದದ್ದು ಮನೆ ಯಾರದ್ದೆಂಬುದನ್ನು. ಐನ್‌ಮನೆ, ಅಂದರೆ ಪೂರ್ವಿಕರ ಮೂಲ ಮನೆ, ಒಕ್ಕಕ್ಕೆ (ಒಂದೇ ವಂಶದ ಕೂಡುಕುಟುಂಬಕ್ಕೆ) ಸೇರಿದ್ದು. ಪಟ್ಟೆದಾರರು ಅದರ ವ್ಯವಹಾರ ನೋಡಿಕೊಳ್ಳುವ ಹಿರಿಯರೇ ಹೊರತು ಒಂಟಿ ಒಡೆಯರಲ್ಲ. ಪಹಣಿಯಲ್ಲಿ ಒಬ್ಬರ ಹೆಸರಿದೆ ಎಂದ ಮಾತ್ರಕ್ಕೆ ಆಸ್ತಿ ಅವರದ್ದಾಗುವುದಿಲ್ಲ, ಏಕೆಂದರೆ ಪಹಣಿ ಕಂದಾಯದ ದಾಖಲೆಯೇ ವಿನಾ ಮಾಲೀಕತ್ವದ ಪತ್ರವಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಕುಟುಂಬಗಳಲ್ಲಿ, 2005ರ ತಿದ್ದುಪಡಿಯ ನಂತರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಸಹದಾಯಾದಿ, ಅಂದರೆ ಮಗನಷ್ಟೇ ಹಕ್ಕಿನ ಪಾಲುದಾರಳು. ಆ ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಪಾಲು ಇರುವವರನ್ನು ಇನ್ನೊಬ್ಬ ಪಾಲುದಾರರು ಹೊರಡಿ ಎನ್ನುವಂತಿಲ್ಲ. ದಾರಿ ಇರುವುದು ವಿಭಾಗದ ದಾವೆಯಲ್ಲಿ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗಕ್ಕೆ ತನ್ನದೇ ಇತಿಹಾಸ ಇರುವುದರಿಂದ, ಅಲ್ಲಿನ ಪಾಲಿನ ಮಾತನ್ನು ಹಳೆಯ ದಾಖಲೆಗಳ ಸಮೇತ ಸ್ಥಳೀಯ ವಕೀಲರ ಮುಂದಿಡುವುದು ಒಳ್ಳೆಯದು.

ಹೆಚ್ಚಿನವರ ಕಥೆ ಇಷ್ಟು ಗಟ್ಟಿಯಾಗಿರುವುದಿಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಿರಾಜಪೇಟೆಯ ಕಡೆ ಅಣ್ಣ ತನ್ನ ಸ್ವಂತ ಸಂಪಾದನೆಯಲ್ಲಿ ಕಟ್ಟಿಸಿದ ಮನೆ. ಹಿಂದಿನ ಕೋಣೆಯಲ್ಲಿ, ಗಂಡ ತೀರಿಕೊಂಡ ಮೇಲೆ ಬಂದ ತಂಗಿ 14 ವರ್ಷಗಳಿಂದ ಇದ್ದಾಳೆ. ಬಾಡಿಗೆ ಇಲ್ಲ, ಕಾಗದ ಇಲ್ಲ. ಕಾಫಿ ಒಣಗಿಸುವ ಕಣ ನೋಡಿಕೊಂಡದ್ದು, ಅತ್ತಿಗೆಯ ಬಾಣಂತನ ಮಾಡಿದ್ದು ಎಲ್ಲವೂ ಅವಳೇ. ಹನ್ನೆರಡು ವರ್ಷ ಕಳೆದರೆ ಮನೆ ಇದ್ದವರದ್ದೇ ಎಂದು ಅವಳಿಗೆ ಯಾರೋ ಹೇಳಿದ್ದಾರೆ. ಇದು ತಪ್ಪು, ಮತ್ತು ಊರೂರಲ್ಲಿ ಹರಡಿರುವ ತಪ್ಪು. ಮಾಲೀಕರ ಒಪ್ಪಿಗೆಯಿಂದ ಇದ್ದವರಿಗೆ ಎಷ್ಟು ವರ್ಷ ಇದ್ದರೂ ಪ್ರತಿಕೂಲ ಸ್ವಾಧೀನದ (ಮಾಲೀಕರ ಒಪ್ಪಿಗೆಯಿಲ್ಲದೆ ದೀರ್ಘಕಾಲ ಹಿಡಿದಿಟ್ಟುಕೊಂಡು ಪಡೆಯುವ) ಹಕ್ಕು ಬರುವುದಿಲ್ಲ. ಗೋವಾದ ಸಹೋದರ ಸಹೋದರಿಯ ನಡುವಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದನ್ನೇ ಖಚಿತ ಮಾತುಗಳಲ್ಲಿ ಹೇಳಿತು. ಪ್ರಾಯಕ್ಕೆ ಬಂದ ಮಗನಿಗೂ ತಂದೆತಾಯಿಯ ಸ್ವಯಾರ್ಜಿತ ಮನೆಯಲ್ಲಿ ಇರುವುದು ಅವರ ಕೃಪೆಯೇ ಹೊರತು ಹಕ್ಕಲ್ಲ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ.

ಹಾಗಾದರೆ ಆ ತಂಗಿಗೆ ಏನೂ ಇಲ್ಲವೇ? ಇದೆ, ಮುಖ್ಯವಾಗಿ ಸಮಯ. ಒಪ್ಪಿಗೆಯ ಮೇಲಿನ ವಾಸವನ್ನು 1882ರ ಈಸ್‌ಮೆಂಟ್ ಕಾಯ್ದೆ ‘ಲೈಸೆನ್ಸ್’ ಎಂದು ಕರೆಯುತ್ತದೆ. ಆ ಕಾಯ್ದೆ ಮೊದಲಿಗೇ ಜಾರಿಗೆ ಬಂದ ಕೆಲವೇ ಪ್ರದೇಶಗಳಲ್ಲಿ ಕೊಡಗೂ ಒಂದೆಂಬುದು ಇಲ್ಲಿ ನೆನಪಿಸಿಕೊಳ್ಳತಕ್ಕ ಸಂಗತಿ. ಅದರ 63ನೇ ಸೆಕ್ಷನ್ ಪ್ರಕಾರ, ಒಪ್ಪಿಗೆ ಹಿಂತೆಗೆದುಕೊಂಡ ಮೇಲೆ ಹೊರಡಲು ಮತ್ತು ಸಾಮಾನು ಸಾಗಿಸಲು ಸಮಂಜಸವಾದ ಅವಧಿ ಸಿಗಬೇಕು. ಸಮಂಜಸ ಎಂದರೆ ಇಷ್ಟೇ ದಿನ ಎಂದು ಕಾಯ್ದೆ ಹೇಳಿಲ್ಲ. ಮಳೆಗಾಲದ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಟ್ರಂಕನ್ನು ಜಗಲಿಗೆ ತಂದಿಟ್ಟು ಸಂಜೆಯೊಳಗೆ ಹೊರಡು ಎಂದರೆ ಅದು ಸಮಂಜಸವೆಂದು ಯಾವ ನ್ಯಾಯಾಲಯವೂ ಒಪ್ಪಲಿಕ್ಕಿಲ್ಲ. ಆದ್ದರಿಂದ, ಯಾವ ತಾರೀಕಿನವರೆಗೆ ಸಮಯ ಬೇಕು, ಏಕೆ ಬೇಕು ಎಂದು ವಾಟ್ಸಾಪ್‌ನಲ್ಲಾದರೂ ಸರಿ, ಬರೆದು ಕೇಳಿ. ಒಪ್ಪಿಗೆಯನ್ನು ನಂಬಿ ನಿಮ್ಮ ಖರ್ಚಿನಲ್ಲಿ ಶಾಶ್ವತ ಕಟ್ಟಡ ಕಟ್ಟಿದ್ದರೆ, 60ನೇ ಸೆಕ್ಷನ್ ಪ್ರಕಾರ ಆ ಒಪ್ಪಿಗೆಯನ್ನು ಹಿಂತೆಗೆಯುವುದೇ ಕಷ್ಟ. ಸಿಮೆಂಟು, ಮರ, ಮೇಸ್ತ್ರಿಯ ಕೂಲಿಯ ಚೀಟಿಗಳನ್ನು ಎಸೆಯಬೇಡಿ. ತಿಂಗಳು ತಿಂಗಳು ಬಾಡಿಗೆ ಕೊಟ್ಟಿದ್ದು ಅದಕ್ಕೆ ಪುರಾವೆ ಇದ್ದರೆ ನೀವು ಬಾಡಿಗೆದಾರರು. ಬೇರೆ ಕರಾರು ಇಲ್ಲದಿದ್ದರೆ ಕನಿಷ್ಠ 15 ದಿನಗಳ ನೋಟಿಸ್ ಬೇಕು.

ಮಹಿಳೆಯರಿಗೆ ಇನ್ನೊಂದು, ಹೆಚ್ಚು ಬಲವಾದ ದಾರಿಯಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಟ್ಟಿಗೆ ಬಾಳಿದ ಮನೆಯಿಂದ ನೊಂದ ಮಹಿಳೆಯನ್ನು ಕಾನೂನಿನ ಕ್ರಮವಿಲ್ಲದೆ ಹೊರಹಾಕುವಂತಿಲ್ಲ. ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಈ ರಕ್ಷಣೆ ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಸೊಸೆಗೆ ಮಾತ್ರವಲ್ಲ, ರಕ್ತಸಂಬಂಧದಿಂದ ಒಂದೇ ಮನೆಯಲ್ಲಿದ್ದ ತಂಗಿಗೂ ತಾಯಿಗೂ ಕಾಯ್ದೆ ಅನ್ವಯಿಸುತ್ತದೆ. ಆದರೆ ದೌರ್ಜನ್ಯ ನಡೆದಿರಬೇಕು. ಹೊಡೆತವೇ ಆಗಬೇಕೆಂದಿಲ್ಲ, ನಿಂದನೆಯೂ ಖರ್ಚುವೆಚ್ಚ ನಿಲ್ಲಿಸುವುದೂ ಸೇರುತ್ತವೆ. ಅರ್ಜಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಸಲ್ಲಿಸಬೇಕು. ಸಾಮಾನ್ಯವಾಗಿ ಮೂರು ದಿನಗಳೊಳಗೆ ಮೊದಲ ವಿಚಾರಣೆ ನಿಗದಿಯಾಗಬೇಕು. ಸಹಾಯವಾಣಿ 181.

ಹೊರಡಿ ಎನ್ನಿಸಿಕೊಂಡವರು 60 ದಾಟಿದವರಾಗಿದ್ದು, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮನೆಯನ್ನು ಮಕ್ಕಳಿಗೋ ಸೋದರಳಿಯನಿಗೋ ದಾನಪತ್ರ ಮಾಡಿಕೊಟ್ಟಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅಡಿ ಆ ಪತ್ರವನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹಿರಿಯರ ಸಹಾಯವಾಣಿ 14567.

ಬೀಗ ಬದಲಾಯಿಸಿ ಹೊರಗಟ್ಟಿದರೆ 112ಕ್ಕೆ ಕರೆ ಮಾಡಿ. ಇದು ಸಿವಿಲ್ ವಿಷಯ ಎಂಬ ಉತ್ತರ ಬಂದರೂ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಏಕೆಂದರೆ ಹೊರಹಾಕಿದ ದಿನಾಂಕಕ್ಕೆ ಅದೇ ಸಾಕ್ಷಿ. ಪ್ರತ್ಯೇಕ ಮನೆಯೋ ಭಾಗವೋ ಪೂರ್ತಿಯಾಗಿ ನಿಮ್ಮ ಸ್ವಾಧೀನದಲ್ಲಿದ್ದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ ಮಾಲೀಕತ್ವದ ಪ್ರಶ್ನೆ ಬಾರದಂತೆ ಸ್ವಾಧೀನ ಮರಳಿ ಕೇಳಬಹುದು. ಗಡುವು ಆರು ತಿಂಗಳು, ಒಂದು ದಿನವೂ ಹೆಚ್ಚಿಲ್ಲ. ಅಣ್ಣನ ಮನೆಯೊಳಗಿನ ಒಂದು ಕೋಣೆಗೆ ಈ ದಾವೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲವೆಂದು ಮೊದಲೇ ತಿಳಿದಿರಲಿ.

ಇಂಥ ಜಗಳಗಳು ನಮ್ಮಲ್ಲಿ ಸಾಮಾನ್ಯವಾಗಿ ಹಿರಿಯರ ಪಂಚಾಯಿತಿಯಲ್ಲಿ ಮುಗಿಯುತ್ತವೆ, ಅದು ತಪ್ಪೇನಲ್ಲ. ಆದರೆ ಕಾಫಿ ಲೋಟದ ಪಕ್ಕದಲ್ಲೇ ಛಾಪಾ ಕಾಗದವೊಂದನ್ನು ಸರಿಸಿ, ಹಕ್ಕು ಬಿಟ್ಟಿದ್ದೇನೆಂಬ ಸಾಲಿನ ಕೆಳಗೆ ಸಹಿ ಕೇಳಿದರೆ, ಅಂದು ಹಾಕಬೇಡಿ. ಆ ಕಾಗದದ ಒಂದು ನಕಲು ಪ್ರತಿಯನ್ನು ಕೇಳಿ ಪಡೆದು, ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ತೋರಿಸಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯದ ಲೆಕ್ಕವಿಲ್ಲದೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ; ದೂರವಾಣಿ ಸಂಖ್ಯೆ 15100.