ರಾಡ್ ಕೊಳ್ಳುವ ಮೊದಲು ಗಾಳ ನೋಡಿ

ಮೀನು ಹಿಡಿಯುವ ಸಾಮಾನಿನ ಅಂಗಡಿಗೆ ಹೋದರೆ ಮೊದಲು ಕಣ್ಣು ಹೋಗುವುದು ಮಿರಮಿರ ಮಿಂಚುವ ರಾಡಿನ ಮೇಲೆ. ‘ಸೆಟ್ಟೇ ತೊಗೊಂಡ್ಬಿಡ್ರಿ ಸರ, ರೀಲು, ದಾರ ಎಲ್ಲಾ ಅದರಾಗ ಅದ’ ಅಂದರು ಅಂಗಡಿಯವರು, ನಾನೂ ಕೊಂಡುಕೊಂಡು ಬಂದೆ. ಗಂಗಾವತಿ ಕಡೆಯ ಒಂದು ಕೆರೆಯ ದಂಡೆಯಲ್ಲಿ ನಿಂತು ಆ ಹತ್ತಡಿ ರಾಡನ್ನು ಹಿಂದಕ್ಕೆ ಬೀಸಿದ್ದೇ ತಡ, ಗಾಳ ಹೋಗಿ ಬಳ್ಳಾರಿ ಜಾಲಿಗೆ ಕಚ್ಚಿಕೊಂಡಿತು. ಅವತ್ತು ಬಿದ್ದ ದೊಡ್ಡ ಬೇಟೆ ಅದೇ.

ಹಾಗಾಗಿ ಕೊಳ್ಳುವ ಕ್ರಮವನ್ನೇ ತಿರುವಿ ಹಾಕಿ. ಮೊದಲು ಮೀನು, ಆಮೇಲೆ ಗಾಳ, ದಾರ, ರಾಡ್. ರೀಲು ಕೊನೆಗೆ.

ಮೀನು ಯಾವುದು? ನಮ್ಮ ಕಡೆ ಕೆರೆಗಳಲ್ಲಿ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಧಾರಾಳ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಕೊರಮೀನು ಜೊಂಡಿನ ನಡುವೆ ಹೊಂಚು ಹಾಕುತ್ತದೆ. ಬಾಳೆ ಮೀನಿಗೆ ಹಲ್ಲಿದೆ, ಅದು ನೆನಪಿರಲಿ.

ಗಾಳದ ನಂಬರು ಹೊಸಬರನ್ನು ದಿಕ್ಕು ತಪ್ಪಿಸುತ್ತದೆ. 10ನೇ ನಂಬರಿನ ಗಾಳ 4ಕ್ಕಿಂತ ಸಣ್ಣದು. 1 ದಾಟಿದ ಮೇಲೆ 1/0, 2/0 ಎಂದು ಮತ್ತೆ ದೊಡ್ಡದಾಗುತ್ತ ಹೋಗುತ್ತದೆ. ಜಿಲೇಬಿಯದು ಪುಟ್ಟ ಬಾಯಿ. ಎರೆಹುಳು ಸಿಕ್ಕಿಸಿದ 8 ಅಥವಾ 10 ಸಾಕು. ಶೇಂಗಾ ಹಿಂಡಿ, ತೌಡು ಕಲಸಿದ ಉಂಡೆಗೆ ಬರುವ ರೋಹುವಿಗೆ 4 ಅಥವಾ 2. ಕೊರಮೀನಿಗೆ ರಬ್ಬರ್ ಕಪ್ಪೆ ಬಿಡುವುದಾದರೆ ಅದರಲ್ಲಿರುವ ಗಾಳ 2/0ರ ಆಸುಪಾಸಿನದಿರಲಿ. ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ: ಕಚ್ಚಿದರೆ ಹರಿತ, ಜಾರಿದರೆ ವಾಪಸ್ ಕೊಡಿ.

ದಾರದ ಶಕ್ತಿಯನ್ನು ಪೌಂಡಿನಲ್ಲಿ ಬರೆದಿರುತ್ತಾರೆ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ. ಜಿಲೇಬಿಗೆ 6, ರೋಹುವಿಗೆ 12 ಪೌಂಡಿನ ಸಾದಾ ನೈಲಾನ್ ಸಾಕು. ಹೆಣೆದ ದಾರ, ಅಂಗಡಿಯವರ ‘ಬ್ರೇಡ್’, ತೆಳ್ಳಗಿದ್ದೂ ಗಟ್ಟಿ. ಜೊಂಡಿನಿಂದ ಕೊರಮೀನನ್ನು ಎಳೆಯಲು 30 ಪೌಂಡಿನದು ಬೇಕು. ಆದರೆ ನಮ್ಮ ಬಂಡೆಗಲ್ಲಿಗೆ ಉಜ್ಜಿದರೆ ಅದೂ ಪಟ್ಟೆಂದು ಹರಿಯುತ್ತದೆ. ಅದಕ್ಕೆ ಕೊನೆಯ ಮೂರು ಅಡಿ ದಪ್ಪ ನೈಲಾನ್ ಗಂಟು ಹಾಕಿ. ಬಾಳೆ ಮೀನಿಗಾದರೆ ಅಲ್ಲಿ ತಂತಿ.

ಈಗ ರಾಡ್. ಹಿಡಿಕೆಯ ಮೇಲೆ ಎಷ್ಟು ಪೌಂಡಿನ ದಾರ, ಎಷ್ಟು ಗ್ರಾಂ ತೂಕ ಎಸೆಯಬಹುದು ಎಂದು ಬರೆದಿರುತ್ತದೆ. ಬಣ್ಣ ಬಿಟ್ಟು ಅದನ್ನು ಓದಿ. ಸುತ್ತ ಜಾಲಿ ಇದ್ದರೆ ಆರಡಿ, ಬಯಲು ದಂಡೆಯಾದರೆ ಎಂಟೊಂಬತ್ತು. ರೋಹುವಿನ ತುಟಿ ಮೆತ್ತಗೆ, ಬಾಗುವ ರಾಡ್ ಬೇಕು. ಕೊರಮೀನಿಗೆ ಏಳಡಿಯ ಬಿರುಸು ರಾಡ್. ಕಲಿಯುವವರಿಗೆ ಕಾರ್ಬನ್‌ಗಿಂತ ಫೈಬರ್ ಗ್ಲಾಸ್ ವಾಸಿ ಎನ್ನುತ್ತೇನೆ: ತುಸು ಭಾರ, ಆದರೆ ಬಿದ್ದರೂ ಎದ್ದರೂ ತಾಳುತ್ತದೆ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಪಂಪ್‌ಸೆಟ್ಟಿನ ತಂತಿ ಕೆಳಗೆ, ಗುಡುಗಿನ ಹೊತ್ತಿನಲ್ಲಿ ಅದನ್ನು ಎತ್ತಲೇಬೇಡಿ. ಜಿಲೇಬಿಯಷ್ಟೇ ಸಾಕು ಅನ್ನುವವರು ದುಡ್ಡು ಉಳಿಸಿಕೊಳ್ಳಿ. ಹತ್ತಡಿ ಬಿದಿರು ಕೋಲು, ಜೋಳದ ದಂಟಿನ ಬೆಂಡು, ಸೀಸದ ಗುಂಡು ಇದ್ದರೆ ಆಯಿತು. ನಮ್ಮ ಹುಡುಗರು ಹಿಡಿಯುವುದು ಇದರಲ್ಲೇ, ನನಗಿಂತ ಹೆಚ್ಚು.

ರೀಲು 3000 ಸೈಜಿನದು ಬಹುತೇಕ ಎಲ್ಲಕ್ಕೂ ಹೊಂದುತ್ತದೆ. ದಾರವನ್ನು ರೀಲಿನ ಉರುಳೆಯ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗೆ ನಿಲ್ಲುವಷ್ಟು ಸುತ್ತಿ.

ಎಲ್ಲಿ ಕೂರುವುದು? ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಅಲ್ಲಿ ಬೇಡ. ಕೆರೆಗಳು ಸಾಮಾನ್ಯವಾಗಿ ಗುತ್ತಿಗೆಯಲ್ಲಿರುತ್ತವೆ, ಗುತ್ತಿಗೆದಾರರನ್ನೋ ಮೀನುಗಾರಿಕೆ ಇಲಾಖೆಯವರನ್ನೋ ಕೇಳಿಯೇ ಇಳಿಯಿರಿ. ರಾಯಚೂರು ಕಡೆ ಕೃಷ್ಣೆಯಲ್ಲಿ ಮೊಸಳೆಗಳಿವೆ, ಮೊಣಕಾಲುದ್ದ ನೀರಿಗೂ ಕಾಲಿಡಬೇಡಿ.

ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಒಂದು ಕೆಲಸ. ಗಂಟನ್ನು ಎಂಜಲು ಹಚ್ಚಿ ಬಿಗಿಯಿರಿ. ಒಣಗಿದ್ದು ಬಿಗಿದರೆ ದಾರ ಬಿಸಿಯಾಗಿ ಸವೆಯುತ್ತದೆ. ಆಮೇಲೆ ದಾರದ ತುದಿಗೆ ಒಂದೂವರೆ ಕಿಲೋ ಜೋಳದ ಚೀಲ ಕಟ್ಟಿ, ರೀಲನ್ನು ಎತ್ತಿ ಹಿಡಿಯಿರಿ. 12 ಪೌಂಡಿನ ದಾರವಾದರೆ ಚೀಲ ಮೆಲ್ಲಗೆ ಕೆಳಗಿಳಿಯಬೇಕು. ಅಲ್ಲಾಡದೆ ನಿಂತಿತೋ, ಡ್ರ್ಯಾಗಿನ, ಅಂದರೆ ದಾರ ಬಿಚ್ಚಿಕೊಳ್ಳುವುದನ್ನು ತಡೆಹಿಡಿಯುವ ರೀಲಿನ ಬ್ರೇಕಿನ, ತಿರುಪು ಒಂದು ಸುತ್ತು ಸಡಿಲಿಸಿ. ದಡದಡ ಇಳಿಯಿತೋ, ಬಿಗಿ ಮಾಡಿ.