ಮೊದಲು ಮಾತು, ಆಮೇಲೆ ಮುಂಗಡ: ಬುಕಿಂಗ್ ತಾಣವೊಂದನ್ನು ತಿದ್ದಿ ಕಟ್ಟಿದ ನನ್ನ ಅನುಭವ

ಹಣ ಕಟ್ಟುವ ಮೊದಲೇ ಪ್ರವಾಸಿಗರನ್ನೂ ಹೋಮ್‌ಸ್ಟೇ ಮನೆಯವರನ್ನೂ ಮಾತನಾಡಲು ಬಿಟ್ಟರೆ, ಅವರು ತಮ್ಮತಮ್ಮಲ್ಲೇ ವ್ಯವಹಾರ ಮುಗಿಸಿಕೊಂಡು ನಮ್ಮ ಕಮಿಷನ್ನಿಗೆ ಕಲ್ಲು ಹಾಕುತ್ತಾರೆ ಎಂದು ನನ್ನ ಪಾಲುದಾರರು ಎರಡು ವರ್ಷ ವಾದಿಸಿದರು. ಬೆಂಗಳೂರಿನಲ್ಲಿರುವ ಸಹವೃತ್ತಿಯ ಮಿತ್ರರೂ ಅದನ್ನೇ ಹೇಳಿದರು. ಒಂದು ಇಡೀ ಸೀಸನ್ನಿನ ಲೆಕ್ಕ ಕೈಗೆ ಬಂದ ಮೇಲೆ ಬರೆಯುತ್ತಿದ್ದೇನೆ: ಹಾಗಾಗಲಿಲ್ಲ. ನಮ್ಮದು ಶಿರಸಿಯಿಂದ ನಡೆಯುವ ಸಣ್ಣ ಬುಕಿಂಗ್ ಜಾಲತಾಣ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳೂ ಗೋಕರ್ಣ, ಹೊನ್ನಾವರ, ಕಾರವಾರದ ಕಡಲ ಬದಿಯ ಮನೆಗಳೂ ಸೇರಿ ಎಪ್ಪತ್ತರ ಆಸುಪಾಸು ಮನೆಗಳು ಅದರಲ್ಲಿವೆ.

2022ರಲ್ಲಿ ಮೊದಲ ಮರುವಿನ್ಯಾಸವನ್ನು ಹೊರಗಿನ ಸಂಸ್ಥೆಯೊಂದಕ್ಕೆ ವಹಿಸಿ ಸುಮಾರು ಮೂರೂವರೆ ಲಕ್ಷ ರೂಪಾಯಿ ಕೊಟ್ಟೆವು. ಪರದೆ ತುಂಬ ಜಲಪಾತದ ವಿಡಿಯೊ, ಎಳೆದಾಡುವ ನಕ್ಷೆ, ನಕ್ಷತ್ರಗಳ ಅಂಕ ಎಲ್ಲವೂ ಬಂದವು. ಅವರ ಕಚೇರಿಯಲ್ಲಿ ಕಣ್ಣಿಗೆ ಹಬ್ಬವಾಗಿದ್ದ ಆ ಪುಟ ಐದು ಎಂಬಿ ತೂಗುತ್ತಿತ್ತು. ಶಿರಸಿಯಿಂದ ಕುಮಟಾ ಕಡೆಗೆ ದೇವಿಮನೆ ಘಟ್ಟ ಇಳಿಯುವಾಗ ಅದು ತೆರೆದುಕೊಳ್ಳುತ್ತಲೇ ಇರಲಿಲ್ಲ. ತಿಂಗಳಿಗೆ ನಲವತ್ತರಷ್ಟಿದ್ದ ಬುಕಿಂಗ್ ಇಪ್ಪತ್ತೈದಕ್ಕೆ ಇಳಿಯಿತು. ಮರುವರ್ಷ ನಾನೇ ಅರವತ್ತು ಸಾವಿರ ಖರ್ಚು ಮಾಡಿ ಚಾಟ್‌ಬಾಟ್ ಕೂರಿಸಿದೆ. ಜನ ಒಂದು ಪ್ರಶ್ನೆ ಕೇಳಿ, ಸಿದ್ಧ ಉತ್ತರ ಓದಿ, ಹೊರಟುಹೋಗುತ್ತಿದ್ದರು. ಹೀಗೆ ಅದೂ ಸೋತಿತು. ಆದರೆ ಆ ಪ್ರಶ್ನೆಗಳೆಲ್ಲ ನಮ್ಮಲ್ಲಿ ಉಳಿದಿದ್ದವು. ಮಳೆಗಾಲದ ಬಿಡುವಿನಲ್ಲಿ ಸುಮಾರು ನಾನೂರು ಸಂಭಾಷಣೆಗಳನ್ನು ಒಂದೊಂದಾಗಿ ಓದಿದೆ. ನನ್ನ ಕೆಲಸದ ನಿಜವಾದ ಆರಂಭ ಅದೇ.

ಕೋಣೆ ಎಷ್ಟು ದೊಡ್ಡದು, ಎಷ್ಟು ನಕ್ಷತ್ರ ಎಂದು ಕೇಳಿದವರು ಬೆರಳೆಣಿಕೆಯಷ್ಟು. ಅಮ್ಮನಿಗೆ ಮೊಣಕಾಲು ನೋವು, ಕಮೋಡ್ ಇದೆಯೇ? ಮನೆಗೆ ಎಷ್ಟು ಮೆಟ್ಟಿಲು ಹತ್ತಬೇಕು? ಕಾರು ಅಂಗಳದ ತನಕ ಬರುತ್ತದೆಯೇ? ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಹಾಕುತ್ತೀರಾ? ಎಲ್ಲಕ್ಕಿಂತ ಹೆಚ್ಚಾಗಿ ಬಂದ ಪ್ರಶ್ನೆ: ನಮ್ಮ ಬಸ್ಸು ಬೆಳಗಿನ ಜಾವವೇ ಮುಟ್ಟುತ್ತದೆ, ಆಗಲೇ ಬರಬಹುದೇ? ಬೆಂಗಳೂರಿನಿಂದ ರಾತ್ರಿ ಹೊರಟವರು ಬೆಳಕು ಹರಿಯುವ ಹೊತ್ತಿಗೆ ಶಿರಸಿಯಲ್ಲಿ ಇಳಿಯುತ್ತಾರೆ. ನಮ್ಮ ಪುಟವೋ ಅವರನ್ನು ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ ಎನ್ನುತ್ತಿತ್ತು. ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಟಿಕೊಂಡು ಬಂದವರು ಆ ಆರು ತಾಸು ಬಸ್ ನಿಲ್ದಾಣದಲ್ಲಿ ಏನು ಮಾಡಬೇಕೆಂದು ನಾವು ಒಮ್ಮೆಯೂ ಯೋಚಿಸಿರಲಿಲ್ಲ. ಈ ವಿಷಯದಲ್ಲಿ ನನಗೆ ಈಗಲೂ ಬೇಸರವಿದೆ.

ಹೊಸ ಪರದೆಗಳನ್ನು ವಿನ್ಯಾಸದ ತಂತ್ರಾಂಶವಾದ ಫಿಗ್ಮಾದಲ್ಲಿ ತೆರೆಯುವ ಮೊದಲು ಹಾಳೆಯ ಮೇಲೆ ಬರೆದು, ಶಿರಸಿಯ ಬಸ್ ನಿಲ್ದಾಣದಲ್ಲೂ ಗೋಕರ್ಣ ಊರಿನಿಂದ ಹತ್ತು ಕಿಲೋಮೀಟರಿನಷ್ಟು ದೂರವಿರುವ ಗೋಕರ್ಣ ರೋಡ್ ರೈಲು ನಿಲ್ದಾಣದಲ್ಲೂ ಕಾಯುತ್ತಿದ್ದವರಿಗೆ ಚಹಾ ಕೊಡಿಸಿ ತೋರಿಸಿದೆ. ಮೂವತ್ತು ಜನರಾಗಿರಬಹುದು. ಆಗ ಪ್ರಶ್ನೆಗಳ ಕ್ರಮವೇ ತಲೆಕೆಳಗಾಯಿತು. ಮೊದಲ ಪರದೆ ಯಾರು ಯಾರು ಬರುತ್ತೀರಿ ಎಂದು ಕೇಳುತ್ತದೆ. ಎರಡನೆಯದು ಯಾವುದರಲ್ಲಿ, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು. ಮನೆಗಳ ಪಟ್ಟಿ ಬರುವುದು ಆಮೇಲೆಯೇ. ಬೆಳಿಗ್ಗೆ ಆರಕ್ಕೆ ತಲುಪುವವರಿಗೆ ಬಿಸಿನೀರಿನ ಸ್ನಾನ, ತಿಂಡಿ ಮತ್ತು ಒರಗಲು ಜಾಗವನ್ನು ತಲೆಗೆ ಇನ್ನೂರೈವತ್ತು ರೂಪಾಯಿಯಂತೆ ಕೊಡಲು ಇಪ್ಪತ್ತೆರಡು ಮನೆಯವರು ಒಪ್ಪಿದರು. ಇಡೀ ಮರುವಿನ್ಯಾಸದಲ್ಲಿ ಅತಿ ಹೆಚ್ಚು ಹಣ ತಂದದ್ದು ಈ ಒಂದು ಸಾಲು. ನಕ್ಷತ್ರಗಳನ್ನು ಕಿತ್ತುಹಾಕಿ ಆ ಜಾಗದಲ್ಲಿ ಮೆಟ್ಟಿಲುಗಳ ಸಂಖ್ಯೆಯನ್ನೂ ಕಮೋಡ್ ಇದೆ, ಇಲ್ಲ ಎಂಬುದನ್ನೂ ಬರೆದೆವು. ಗೋಕರ್ಣದ ಹಾಫ್‌ಮೂನ್, ಪ್ಯಾರಡೈಸ್ ತೀರಗಳ ವಿವರದಲ್ಲಿ, ಇಲ್ಲಿಗೆ ವಾಹನ ಬರುವುದಿಲ್ಲ, ನಡೆದು ಅಥವಾ ದೋಣಿಯಲ್ಲಿ ಬರಬೇಕು ಎಂಬುದು ಚಿತ್ರಕ್ಕಿಂತ ಮೇಲೆಯೇ ಕಾಣುತ್ತದೆ. ಪುಟದ ತೂಕ ಇನ್ನೂರು ಕೆಬಿಗೆ ಇಳಿಯಿತು.

ಇನ್ನು, ಹಣ ಕಟ್ಟುವ ಮೊದಲೇ ಮನೆಯವರೊಂದಿಗೆ ಮಾತನಾಡಲು ಪುಟದಲ್ಲಿ ಇಟ್ಟ ಫೋನಿನ ಗುಂಡಿ. ಕರೆ ನಮ್ಮದೇ ನಡುಸಂಖ್ಯೆಯ ಮೂಲಕ ಹೋಗುವುದರಿಂದ ಯಾರ ನಂಬರೂ ಇನ್ನೊಬ್ಬರಿಗೆ ಕಾಣುವುದಿಲ್ಲ; ಆದರೆ ಬಾಯಿಮಾತಿನಲ್ಲಿ ನಂಬರು ಹೇಳುವವರನ್ನು ತಡೆಯಲು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ. ಮೊದಲ ತಿಂಗಳು ಹತ್ತರಲ್ಲಿ ನಾಲ್ಕು ಕರೆಗಳ ವ್ಯವಹಾರ ನಮ್ಮನ್ನು ಬಿಟ್ಟು ನೇರವಾಗಿಯೇ ಮುಗಿದು ಕೈತಪ್ಪಿತು. ಪಾಲುದಾರರು ಗುಂಡಿಯನ್ನು ತೆಗೆಯಲೇಬೇಕೆಂದರು. ಡಿಸೆಂಬರ್ ತನಕ ಬಿಡಿ ಎಂದು ನಾನು ಹಟ ಹಿಡಿದೆ. ಸೋರಿಕೆ ಹತ್ತರಲ್ಲಿ ಒಂದಕ್ಕೆ ಇಳಿಯಲು ಎರಡು ಕಾರಣಗಳಿವೆ. ಮಾತು ಮುಗಿದೊಡನೆ ಹಣವಿಲ್ಲದೆಯೇ ಎರಡು ತಾಸು ಕೋಣೆ ಕಾದಿರಿಸುತ್ತೇವೆ, ಆ ಅವಧಿಯೊಳಗೆ ಯುಪಿಐ ಮೂಲಕ ಐನೂರು ರೂಪಾಯಿ ಮುಂಗಡ ಕಟ್ಟಿದರೆ ಸಾಕು. ಎರಡನೆಯದು ಮನೆಯವರೊಂದಿಗೆ ನಾವು ಮಾಡಿಕೊಂಡ ಏರ್ಪಾಡು. ಅದನ್ನು ಕಂಡುಕೊಳ್ಳಲು ನನಗೆ ಐದು ತಿಂಗಳು ಹಿಡಿದಿದೆ, ಆದ್ದರಿಂದ ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಕರೆ ಮಾಡಿದರೆ ಮನೆಯವರು ಎತ್ತುವುದಿಲ್ಲ ಎಂಬ ದೂರು ಬೇರೆಯೇ ಪಾಠವಾಯಿತು. ಅಡಿಕೆಯ ಕೊನೆಕೊಯ್ಲಿನ ತಿಂಗಳುಗಳಲ್ಲಿ ಹಗಲು ಎಲ್ಲರೂ ತೋಟದಲ್ಲಿರುತ್ತಾರೆ, ಅಲ್ಲಿ ಸಿಗ್ನಲ್ ಇರುವುದಿಲ್ಲ. ಸಂಜೆ ಏಳರ ನಂತರ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಾಗ ನೆಮ್ಮದಿಯಿಂದ ಮಾತನಾಡುತ್ತಾರೆ. ಪ್ರತಿ ಮನೆಯ ಹೆಸರಿನ ಕೆಳಗೆ ಫೋನ್ ಎತ್ತುವ ಹೊತ್ತನ್ನು ಬರೆದ ಮೇಲೆ ದೂರುಗಳು ಅರ್ಧಕ್ಕಿಂತ ಕಡಿಮೆಯಾದವು.

ಮನೆಯವರ ಕಡೆಯ ಪುಟದಲ್ಲಿ ನಾವು ಮಾಡಿದ್ದ ತಪ್ಪು 2024ರ ಮಾರ್ಚ್‌ನಲ್ಲಿ, ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಹೊರಬಿತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಸುತ್ತಲಿನ ಪ್ರತಿ ಮನೆಯಲ್ಲೂ ನೆಂಟರು ತುಂಬಿರುತ್ತಾರೆ; ನಮ್ಮ ಕ್ಯಾಲೆಂಡರಿನಲ್ಲಿ ಮಾತ್ರ ಕೋಣೆಗಳು ಖಾಲಿ. ಆರು ಕುಟುಂಬಗಳು ಬಂದು ಅಂಗಳದಲ್ಲಿ ನಿಂತವು. ಅವರಿಗೆ ಬೇರೆ ವ್ಯವಸ್ಥೆ ಮಾಡಲು ಮೂವತ್ತು ಸಾವಿರದಷ್ಟು ಕೈಯಿಂದ ಹೋಯಿತು. ಕ್ಯಾಲೆಂಡರ್ ತುಂಬಿರೆಂದು ಮನೆಯವರಿಗೆ ಹೇಳುವುದನ್ನೇ ಅಂದಿನಿಂದ ಬಿಟ್ಟೆವು. ಒಂದು ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಕೋಣೆ ಮುಚ್ಚುತ್ತದೆ, ಇನ್ನೊಂದಕ್ಕೆ ಕೊಟ್ಟರೆ ತೆರೆಯುತ್ತದೆ, ಎರಡೂ ಸಲ ಎಸ್‌ಎಂಎಸ್ ಹೋಗುತ್ತದೆ.

ಅದೇ ವರ್ಷ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು. ಆ ವಾರ ಬರಬೇಕಿದ್ದವರಿಗೆ ದಾರಿಯ ಸ್ಥಿತಿ ತಿಳಿಸಲು ನಮ್ಮ ಪುಟದಲ್ಲಿ ಒಂದು ಸಾಲಿನಷ್ಟೂ ಜಾಗವಿರಲಿಲ್ಲ. ಎರಡು ದಿನ ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಈಗ ದಾರಿ ಎಂಬ ಸಾಲು ಎಲ್ಲ ಪುಟಗಳ ತಲೆಯ ಮೇಲಿದೆ, ಅದನ್ನು ಪ್ರತಿದಿನ ಬೆಳಿಗ್ಗೆ ಮನುಷ್ಯರೇ ಬರೆಯುತ್ತಾರೆ. ಹಾಗೆಯೇ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ದೋಣಿಗಳಿಗೆ ಮಳೆಗಾಲದ ತಿಂಗಳುಗಳಲ್ಲಿ ದಿನಾಂಕವೇ ಸಿಗದಂತೆ ಮಾಡಿದೆವು. ಮೊದಲು ಜುಲೈಗೂ ಹಣ ಪಡೆದು ಮರಳಿಸುತ್ತಿದ್ದೆವು, ಆದರೆ ಪಾವತಿ ಶುಲ್ಕದ ನೂರಕ್ಕೆ ಎರಡು ರೂಪಾಯಿ ನಮಗೆ ಮರಳಿ ಬರುತ್ತಿರಲಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಹನ್ನೆರಡು ಮನೆಗಳ ಪುಟದಲ್ಲಿ, ಮನೆಗೆ ಬರುವ ದಾರಿಯನ್ನು ಮನೆಯಾಕೆಯೇ ಹೇಳುವ ಇಪ್ಪತ್ತು ಸೆಕೆಂಡಿನ ಧ್ವನಿಯನ್ನು ಹಾಕಿದೆ. ದೊಡ್ಡ ಹಲಸಿನ ಮರದ ಹತ್ತಿರ ಎಡಕ್ಕೆ ತಿರುಗಿ, ಸಂಕ ದಾಟಿ ಬನ್ನಿ ಎನ್ನುವ ಆ ಮಾತು ಕೇಳಿದವರು, ಚಿತ್ರ ಮಾತ್ರ ನೋಡಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಮುಂಗಡ ಕಟ್ಟಿದರು. ಕಡಲ ಬದಿಯ ಮನೆಗಳಿಗೆ ಕೊಂಕಣಿಯಲ್ಲೂ ಹಾಕಿ ನೋಡಿದೆ. ಕೇಳುವವರು ಕಡಿಮೆ, ಆದರೂ ತೆಗೆದಿಲ್ಲ.

ಅಕ್ಟೋಬರ್‌ನಲ್ಲಿ ಬಿಟ್ಟ ಈ ಮೂರನೆಯ ವಿನ್ಯಾಸಕ್ಕೆ ಒಟ್ಟು ಒಂದು ಲಕ್ಷದ ಹತ್ತು ಸಾವಿರ ತಗಲಿತು, ಜನವರಿ ಮುಗಿಯುವ ಮೊದಲು ಅದು ಹಿಂದಿರುಗಿತು. ಮೇ ತಿಂಗಳ ಹೊತ್ತಿಗೆ ಬುಕಿಂಗ್ ತಿಂಗಳಿಗೆ ನೂರಹತ್ತರ ಮೇಲೆ ನಿಂತಿತ್ತು. ಟ್ಯಾಕ್ಸಿಯ ಪುಟ ಮಾತ್ರ ಇನ್ನೂ ಹಳೆಯದೇ ಇದೆ. ಘಟ್ಟದ ರಸ್ತೆ ಕೆಟ್ಟ ದಿನ ಚಾಲಕರು ಸುತ್ತಿ ಬರಬೇಕಾಗುತ್ತದೆ, ಬಾಡಿಗೆಯೂ ಏರುತ್ತದೆ. ಮುಂಚಿತವಾಗಿ ಒಂದೇ ದರ ತೋರಿಸಿದರೆ ಅವರಿಗೆ ನಷ್ಟ, ತೋರಿಸದಿದ್ದರೆ ಪ್ರವಾಸಿಗರಿಗೆ ಅನುಮಾನ. ದಾರಿಯ ಸಾಲಿಗೂ ಬಾಡಿಗೆಗೂ ಗಂಟು ಹಾಕಿದ ಮೂರು ಪರದೆಗಳು ಹಾಳೆಯ ಮೇಲೆ ಸಿದ್ಧವಾಗಿವೆ. ಬರುವ ವಾರ ಅವನ್ನು ಶಿರಸಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಚಾಲಕರ ಮುಂದೆ ಇಡುತ್ತೇನೆ.