ಹೆಲ್ಸ್ ಕ್ಯಾನ್ಯನ್‌ನಿಂದ ಝುಮ್‌ವಾಲ್ಟ್ ಹುಲ್ಲುಗಾವಲಿಗೆ: ಅಡ್ಡಕೊಯ್ತ ಬರೆಯುವ ಬಗೆ

ಅಮೆರಿಕದ ಒರೆಗಾನ್ ರಾಜ್ಯದ ಈಶಾನ್ಯ ಮೂಲೆಯಲ್ಲಿ ಸ್ನೇಕ್ ನದಿ ಕೊರೆದ ಹೆಲ್ಸ್ ಕ್ಯಾನ್ಯನ್ ಇದೆ. ಅದರ ವಾಯವ್ಯಕ್ಕೆ, ಇಮ್ನಾಹಾ ನದಿಯ ಆಚೆ ಝುಮ್‌ವಾಲ್ಟ್ ಹುಲ್ಲುಗಾವಲು. ಬಯಲಲ್ಲಿ ನಿಂತರೆ ಕಣಿವೆಯ ಸುಳಿವೇ ಸಿಗದು; ಅಂಚಿಗೆ ಬಂದ ಮೇಲೇ ನೆಲ ಬಾಯಿಬಿಟ್ಟಿರುವುದು ಕಾಣುವುದು. ಅದಕ್ಕೇ ಈ ಸೀಮೆಗೆ ಫೋಟೊಗಿಂತ ಅಡ್ಡಕೊಯ್ತ, ಅಂದರೆ ನೆಲವನ್ನು ಒಂದು ಗೆರೆಗುಂಟ ಕೊಯ್ದು ಪಕ್ಕದಿಂದ ನೋಡಿದಂತೆ ಬರೆದ ಚಿತ್ರ, ವಾಸಿ.

1:24,000 ಪ್ರಮಾಣದ ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ) ನಕ್ಷೆಯ ಹಾಳೆಗಳನ್ನು ಜೋಡಿಸಿಕೊಳ್ಳುತ್ತೇನೆ. ಸ್ನೇಕ್ ನದಿಯಿಂದ, ಕಣಿವೆಯ ಅಂಚಿನ ಎತ್ತರದ ಜಾಗವಾದ ಹ್ಯಾಟ್ ಪಾಯಿಂಟ್ ಮೇಲೆ ಹಾದು ವಾಯವ್ಯಕ್ಕೆ ಒಂದು ಗೆರೆ. ಗೆರೆ ನದಿಯನ್ನು ಓರೆಯಾಗಿ ಕಡಿದರೆ ಇಳಿಜಾರು ಸುಳ್ಳೇ ಸೌಮ್ಯವಾಗಿ ಕಾಣುತ್ತದೆ; ಆದಷ್ಟು ಲಂಬವಾಗಿರಲಿ. ಗೆರೆಗುಂಟ ಕಾಗದದ ಪಟ್ಟಿ ಇಟ್ಟು ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ನಕ್ಷೆಯ ಗೆರೆ) ದಾಟಿದಲ್ಲೆಲ್ಲ ಗುರುತು. ಒಂದು ಕಾಂಟೂರಿಗೂ ಮುಂದಿನದಕ್ಕೂ ಎತ್ತರದ ಅಂತರ ಸಾಮಾನ್ಯವಾಗಿ 40 ಅಡಿ, ಐದನೆಯದು ದಪ್ಪ ಗೆರೆ. ಹಾಳೆಯ ಅಂಚಿನಲ್ಲಿ ಖಾತ್ರಿ ಮಾಡಿಕೊಳ್ಳಿ.

ಹ್ಯಾಟ್ ಪಾಯಿಂಟ್ 6,982 ಅಡಿ. ನದಿ ಅಲ್ಲಿಂದ ಸುಮಾರು 5,600 ಅಡಿ ಕೆಳಗೆ. ದಪ್ಪ ಗೆರೆಗಳೇ 28ರಷ್ಟು. ಹಾಗಂತ ಅವನ್ನಷ್ಟೇ ಎಣಿಸಿದರೆ ಕೆಲಸ ಕೆಟ್ಟಿತು. ಮೇಲಿನ ಗೋಡೆ ಲಾವಾದ ಪದರಗಳದ್ದು: ಕಡಿದಾದ ಬಂಡೆ, ಅದರ ಕೆಳಗೆ ಹುಲ್ಲಿನ ಜಗಲಿ, ಮತ್ತೆ ಬಂಡೆ. ಸಣ್ಣ ಗೆರೆ ಬಿಟ್ಟರೆ ಆ ಮೆಟ್ಟಿಲೆಲ್ಲ ಸವೆದು ನುಣ್ಣನೆಯ ಇಳಿಜಾರಾಗುತ್ತದೆ. ನದಿಯ ಹತ್ತಿರ ಮಾತ್ರ ಮೆಟ್ಟಿಲು ಮಾಯ. ಅಲ್ಲಿರುವುದು ಲಾವಾಕ್ಕಿಂತ ಬಹಳ ಹಳೆಯ ಬಂಡೆ. (ಬೆಳಗಾವಿ, ವಿಜಯಪುರದ ಕಡೆಯವರಿಗೆ ಈ ಕರಿಗಲ್ಲಿನ ಮೆಟ್ಟಿಲು ಹೊಸದಲ್ಲ. ದಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷದ್ದು, ಇಲ್ಲಿಯದು 1.7 ಕೋಟಿಯ ಆಸುಪಾಸಿನದು.)

ಎತ್ತರವನ್ನು ಹಿಗ್ಗಿಸಬೇಡಿ. ಬಯಲುಸೀಮೆಯ ಅಭ್ಯಾಸದಲ್ಲಿ ಐದು ಪಟ್ಟು ಮಾಡಿದರೆ ಕಣಿವೆ ಬಾವಿಯಂತಾಗುತ್ತದೆ. ಪಟ್ಟಿಯ ಗುರುತುಗಳನ್ನು ಗ್ರಾಫ್ ಹಾಳೆಗೆ ಇಳಿಸುವಾಗ ಅಡ್ಡಕ್ಕೂ ಎತ್ತರಕ್ಕೂ 1 ಸೆಂ.ಮೀ.ಗೆ 240 ಮೀಟರ್, ಅಂದರೆ 787 ಅಡಿ. ಗೋಡೆ 7 ಸೆಂ.ಮೀ. ಎದ್ದು ನಿಲ್ಲುತ್ತದೆ, ಸಾಕು. ಗೆರೆ ಮುಂದೆ ಇಮ್ನಾಹಾ ಕಣಿವೆಗಿಳಿದು ಮತ್ತೆ ಝುಮ್‌ವಾಲ್ಟ್‌ಗೆ ಏರುತ್ತದೆ. ಅಲ್ಲಿಯೂ ಕೆಳಗಿರುವುದು ಅದೇ ಲಾವಾ, ಮೇಲೆ ತೆಳು ಮಣ್ಣು. ಮಣ್ಣು ತೆಳು, ಕಲ್ಲು ಹೆಚ್ಚು, ಬೆಳೆಗಾಲ ಗಿಡ್ಡ. ನೇಗಿಲು ಹೆಚ್ಚು ಹೋಗದೆ ಮೂಲದ ಹುಲ್ಲು ಉಳಿದದ್ದು ಇದರಿಂದಲೇ.

ಹುಲ್ಲನ್ನು ಕೊನೆಗೆ ತುಂಬುತ್ತೇನೆ: ದಕ್ಷಿಣಕ್ಕೆ ಮುಖಮಾಡಿದ ಒಣ ಇಳಿಜಾರಿಗೆ ಬ್ಲೂಬಂಚ್ ವೀಟ್‌ಗ್ರಾಸ್, ಉತ್ತರದ ತಂಪಿಗೆ ಐಡಾಹೋ ಫೆಸ್ಕ್ಯೂ. ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡುವುದಾದರೆ ಮೇ–ಜೂನ್‌ನದು ಬೇಕು. ಆಗಸ್ಟಿನಲ್ಲಿ ಹುಲ್ಲೆಲ್ಲ ಒಣಗಿ ಎರಡೂ ಮಗ್ಗುಲು ಒಂದೇ ಬಣ್ಣ.